ಬೆಳಗಾವಿಯಲ್ಲಿ ಜಗತ್ತಿನ ಸಿನಿಮಾ: ಒಂದು ಚಿತ್ರಮಾಲೆ ಕಟ್ಟುವ ಪೂರ್ತಿ ಕ್ರಮ

ಪ್ರತಿ ವರ್ಷ ನವೆಂಬರ್‌ನಲ್ಲಿ ಪಣಜಿಯಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತದೆ. 2004ರಿಂದ ಅದು ಗೋವಾದಲ್ಲೇ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಮೂರ್ನಾಲ್ಕು ತಾಸಿನ ದಾರಿ. ಇತ್ತ ಪುಣೆ ಹೆದ್ದಾರಿ ಹಿಡಿದರೆ ಮೊದಲು ಕೊಲ್ಹಾಪುರ ಸಿಗುತ್ತದೆ. ಮೂಕಿ ಚಿತ್ರಗಳ ಕಾಲದಲ್ಲಿ ಬಾಬುರಾವ್ ಪೇಂಟರ್ ಸಿನಿಮಾ ಕಂಪನಿ ಕಟ್ಟಿದ ಊರು ಅದು. ಇನ್ನೂ ಮುಂದೆ ಪುಣೆಯಲ್ಲಿ, 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಸುತ್ತಲೂ ಇಷ್ಟೆಲ್ಲ ಇದ್ದರೂ, ಟಿಳಕವಾಡಿಯ ಕಾಲೇಜು ಹುಡುಗಿಯೋ ಶಹಾಪುರದ ನೇಕಾರರೋ ಇರಾನಿನ ಒಂದು ಸಿನಿಮಾವನ್ನು ನಮ್ಮೂರಲ್ಲೇ, ದೊಡ್ಡ ಪರದೆ ಮೇಲೆ, ನೂರು ಮಂದಿ ಜೊತೆ ಕೂತು ನೋಡಬೇಕು ಅಂದರೆ, ಯಾರಾದರೂ ಮುಂದೆ ಬಂದು ಅದನ್ನು ಏರ್ಪಾಡು ಮಾಡಲೇಬೇಕು.

ಇದು ಆಗದ ಕೆಲಸವಲ್ಲ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮತ್ತು ಗೆಳೆಯರು ಕಲ್ಕತ್ತಾದಲ್ಲಿ ಫಿಲ್ಮ್ ಸೊಸೈಟಿ, ಅಂದರೆ ಕೂಡಿ ಚಿತ್ರ ನೋಡಿ ಚರ್ಚಿಸುವ ಚಿತ್ರ ಸಮಾಜ, ಶುರು ಮಾಡಿದರು. 1971ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರ ಫಿಲ್ಮ್ ಸೊಸೈಟಿ ಹುಟ್ಟಿತು. 1973ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಮ್ ಚಿತ್ರಸಮಾಜ ಬಂತು. ಕೆ.ವಿ. ಸುಬ್ಬಣ್ಣ ಅಡಿಕೆ ಬೆಳೆಗಾರರಿಗೆ, ಅಲ್ಲಿನ ಹುಡುಗರಿಗೆ ಜಗತ್ತಿನ ದೊಡ್ಡ ಚಿತ್ರಗಳನ್ನು ತೋರಿಸಿದರು. ಅಲ್ಲಿ ಆಗಿದ್ದು ಬೆಳಗಾವಿಯಂಥ ಊರಲ್ಲಿ ಯಾಕೆ ಆಗಬಾರದು?

ಚಿತ್ರ ಒಳ್ಳೆಯದಿದ್ದರೆ ಸಾಲದು. ಬಂದು ಕೂತವರಿಗೆ ಅದು ಅವರ ಭಾಷೆಯಲ್ಲಿ ತಲುಪಬೇಕು. ಇಂಗ್ಲಿಷ್ ಸಬ್‌ಟೈಟಲ್ ಓದಬಲ್ಲವರಿಗೆ ಮಾತ್ರ ಅಂತ ಚಿತ್ರಮಾಲೆ ನಡೆಸಿದರೆ ಅದು ಊರಿನದು ಆಗುವುದಿಲ್ಲ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿವೆ.

ಮೊದಲ ಹೆಜ್ಜೆ: ಏಳು ಮಂದಿ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘ ನೋಂದಾಯಿಸಲು ಕಡಿಮೆ ಅಂದರೂ ಏಳು ಜನ ಬೇಕು. ಸಿನಿಮಾ ಪ್ರೀತಿಸುವ ಏಳು ಮಂದಿ ಸುಲಭವಾಗಿ ಸಿಗುತ್ತಾರೆ. ಆದರೆ ಆ ಏಳರಲ್ಲಿ ಒಬ್ಬರು ಲೆಕ್ಕ ಬರೆಯುವವರಿರಲಿ, ಒಬ್ಬರು ವೈರು, ಸ್ಪೀಕರ್ ಅಂದರೆ ಖುಷಿಪಡುವವರಿರಲಿ, ಇಬ್ಬರಿಗಾದರೂ ಕನ್ನಡ ಚೆನ್ನಾಗಿ ಬರೆಯಲು ಬರಲಿ. ಮರಾಠಿ ಮನೆಮಾತಿನವರು ಒಬ್ಬಿಬ್ಬರು ಇರಲೇಬೇಕು. ಬೆಳಗಾವಿಯಲ್ಲಿ ಅವರನ್ನು ಬಿಟ್ಟು ಚಿತ್ರ ಸಮಾಜ ಕಟ್ಟುವುದು ಅರ್ಧ ಊರನ್ನು ಬಿಟ್ಟ ಹಾಗೆ.

ನೋಂದಣಿಯಾದ ಮೇಲೆ ಫೆಡರೇಶನ್ ಆಫ್ ಫಿಲ್ಮ್ ಸೊಸೈಟೀಸ್ ಆಫ್ ಇಂಡಿಯಾದ ಸದಸ್ಯತ್ವಕ್ಕೆ ಅರ್ಜಿ ಹಾಕಿ. 1959ರಲ್ಲಿ ಶುರುವಾದ ಈ ಒಕ್ಕೂಟಕ್ಕೆ ಸತ್ಯಜಿತ್ ರಾಯ್ ಅವರೇ ಮೊದಲ ಅಧ್ಯಕ್ಷರು. ದೇಶದ ಬೇರೆ ಊರುಗಳ ಸಮಾಜಗಳ ಪರಿಚಯ ಆಗುತ್ತದೆ. ಚಿತ್ರ ಎಲ್ಲಿ ಸಿಗುತ್ತದೆ, ಅನುಮತಿಗೆ ಯಾರನ್ನು ಕೇಳಬೇಕು ಅನ್ನುವುದು ಅವರಿಗೆ ಅನುಭವದಿಂದ ಗೊತ್ತಿರುತ್ತದೆ.

ಇದೆಲ್ಲ ಆಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಯಾವುದಾದರೂ ಕಾಲೇಜಿನಲ್ಲಿ ಮೊದಲು ಶುರು ಮಾಡಿ. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದು ಅವಕಾಶ ಇದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಅಲ್ಲಿನ ವಿದ್ಯಾರ್ಥಿಗಳು, ಸಿಬ್ಬಂದಿ, ಪಾಲಕರು ಮತ್ತು ಸಂಸ್ಥೆಯ ಕೆಲಸಕ್ಕೆ ಸಂಬಂಧಪಟ್ಟವರಿಗೆ ಮಾತ್ರ ಸಿನಿಮಾ ತೋರಿಸಬಹುದು. ಹೊರಗಿನವರನ್ನು ಕರೆದರೆ ಈ ಅವಕಾಶ ಅನ್ವಯಿಸುವುದಿಲ್ಲ. ಒಂದು ವರ್ಷ ಹೀಗೆ ನಡೆಸಿದರೆ ಪ್ರೊಜೆಕ್ಟರ್ ಹಿಡಿತಕ್ಕೆ ಬರುತ್ತದೆ, ಮಾತಾಡುವ ಮಂದಿ ಯಾರು ಅಂತ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ: ತಾರೀಖು ಗಟ್ಟಿ ಮಾಡುವುದು

ಚಿತ್ರ ಆರಿಸುವ ಮೊದಲೇ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಮಳೆ ಯಾರನ್ನೂ ಸಂಜೆ ಹೊರಗೆ ಬಿಡುವುದಿಲ್ಲ. ತಗಡಿನ ಸೂರಿನ ಸಭಾಭವನವಾದರೆ ಮಾತೂ ಕೇಳುವುದಿಲ್ಲ. ಗಣೇಶೋತ್ಸವದ ದಿನಗಳಲ್ಲಿ ಊರಿಗೆ ಬೇರೆ ಲೋಕವೇ ಇಲ್ಲ. ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗೆಗೆ ಸುತ್ತಲಿನ ಊರುಗಳಿಂದ ಜನ ಸೇರುತ್ತಾರೆ, ಆ ವಾರ ಬಿಡಿ. ನವೆಂಬರ್ ಕೊನೆಗೆ ನಿಮ್ಮ ಉತ್ಸಾಹಿಗಳೇ ಪಣಜಿಗೆ ಹೋಗಿರುತ್ತಾರೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಸಭಾಭವನವೂ ಸಿಗುವುದು ಕಷ್ಟ, ಹೊರಗಿನಿಂದ ಅತಿಥಿ ಬಂದರೆ ಲಾಡ್ಜಿನ ಕೋಣೆಯೂ ಕಷ್ಟ. ಮಾರ್ಚ್ ಬಂತೆಂದರೆ ಪರೀಕ್ಷೆ.

ಉಳಿಯುವುದು ಅಕ್ಟೋಬರ್ ಮತ್ತು ಫೆಬ್ರವರಿ ನಡುವಿನ ಕೆಲವು ಭಾನುವಾರಗಳು. ಹದಿನೈದು ದಿನಕ್ಕೊಂದು ಚಿತ್ರ, ಒಟ್ಟು ಎಂಟು. ಮೊದಲ ವರ್ಷಕ್ಕೆ ಇದಕ್ಕಿಂತ ಜಾಸ್ತಿ ಬೇಡ. ವಾರಕ್ಕೊಂದು ಅಂತ ಹೊರಟರೆ ಮೂರನೇ ವಾರಕ್ಕೇ ಕೆಲಸ ಮಾಡುವವರು ಸುಸ್ತಾಗುತ್ತಾರೆ.

ಹೊತ್ತು ಸಂಜೆ ನಾಲ್ಕೂವರೆ. ಖಾನಾಪುರ, ಬೈಲಹೊಂಗಲ, ಕಿತ್ತೂರು, ಗೋಕಾಕದಿಂದ ಬರುವವರು ಎಂಟಕ್ಕೆ ಎದ್ದರೆ ಬಸ್ ಸಿಗುತ್ತದೆ. ಮನೆಯಲ್ಲಿ ಹೇಳಿ ಬರಬೇಕಾದ ಹೆಣ್ಣುಮಕ್ಕಳಿಗೂ ಇದೇ ಅನುಕೂಲ. ಏಳಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸಿದರೆ ಅರ್ಧ ಮಂದಿ ಚರ್ಚೆಗೆ ನಿಲ್ಲದೆ ಓಡುತ್ತಾರೆ.

ಮೂರನೇ ಹೆಜ್ಜೆ: ಚಿತ್ರಗಳನ್ನು ಆರಿಸುವುದು

ಪ್ರಶಸ್ತಿ ಬಂದಿದ್ದನ್ನೆಲ್ಲ ಒಟ್ಟಿ ಪಟ್ಟಿ ಮಾಡುವುದು ಸುಲಭ, ಆದರೆ ಅದರಿಂದ ಚಿತ್ರಮಾಲೆ ಆಗುವುದಿಲ್ಲ. ಒಂದು ಚಿತ್ರ ನೋಡಿ ಎದ್ದವರಲ್ಲಿ ಒಂದು ಪ್ರಶ್ನೆ ಉಳಿದಿರುತ್ತದೆ. ಮುಂದಿನ ಚಿತ್ರ ಆ ಪ್ರಶ್ನೆಯನ್ನು ಎತ್ತಿಕೊಳ್ಳಬೇಕು. ನಾನಾದರೆ ಹೀಗೆ ಜೋಡಿಸುತ್ತೇನೆ.

ಮೊದಲ ಸಂಜೆಗೆ ಮೂಕಿ ಚಿತ್ರ. ಬಸ್ಟರ್ ಕೀಟನ್‌ನ 'ಶರ್ಲಾಕ್ ಜೂನಿಯರ್', 1924ರದು, ಮುಕ್ಕಾಲು ತಾಸಿನದು. ಸಿನಿಮಾ ಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುವವನೊಬ್ಬ ನಿದ್ದೆಹೋಗಿ, ಕನಸಿನಲ್ಲಿ ಪರದೆಯೊಳಗೇ ನಡೆದುಬಿಡುತ್ತಾನೆ. ಚಿತ್ರ ಸಮಾಜದ ಮೊದಲ ದಿನಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಭಾಷೆಯ ಗೋಡೆ ಇಲ್ಲ, ಚಿಕ್ಕ ಮಕ್ಕಳೂ ನಗುತ್ತಾರೆ. ಇದಕ್ಕೆ ಪರದೆ ಪಕ್ಕದಲ್ಲೇ ಹಾರ್ಮೋನಿಯಂ, ತಬಲಾ ಕೂಡಿಸಿ. ನಮ್ಮ ದೇಶದ ಮೂಕಿ ಚಿತ್ರಮಂದಿರಗಳಲ್ಲೂ ಹಾಗೇ ನುಡಿಸುತ್ತಿದ್ದರು. ಪಂಡಿತ ರಾಮಭಾವು ಬಿಜಾಪುರೆ ಅವರು ಬಾಳಿದ ಊರಿನಲ್ಲಿ ಹಾರ್ಮೋನಿಯಂ ಕಲಾವಿದರಿಗೆ ಬರವಿಲ್ಲ. ಅವರಿಗೆ ಚಿತ್ರವನ್ನು ಮೊದಲೇ ಎರಡು ಮೂರು ಸಲ ತೋರಿಸಿ. ಎಲ್ಲಿ ಓಟ, ಎಲ್ಲಿ ಬೀಳುವುದು, ಎಲ್ಲಿ ಸುಮ್ನೆ ಇರಬೇಕು ಅಂತ ಅವರೇ ಗುರುತು ಹಾಕಿಕೊಳ್ಳುತ್ತಾರೆ. ನಡುನಡುವೆ ಬರುವ ಇಂಗ್ಲಿಷ್ ಬರಹವನ್ನು ಒಬ್ಬರು ಮೈಕಿನಲ್ಲಿ ಕನ್ನಡದಲ್ಲಿ ಹೇಳಿದರೆ ಸಾಕು.

ಎರಡನೆಯದು ಅಬ್ಬಾಸ್ ಕಿಯಾರೊಸ್ತಾಮಿಯ 'ಗೆಳೆಯನ ಮನೆ ಎಲ್ಲಿ?', 1987ರ ಇರಾನಿ ಚಿತ್ರ. ಹುಡುಗನೊಬ್ಬ ಗೆಳೆಯನ ನೋಟ್‌ಬುಕ್ಕನ್ನು ತಪ್ಪಿ ಮನೆಗೆ ತಂದಿರುತ್ತಾನೆ. ಅದನ್ನು ವಾಪಸ್ ಕೊಡಲು ಪಕ್ಕದ ಹಳ್ಳಿಗೆ ಓಡುತ್ತಾನೆ. ಕತೆ ಇಷ್ಟೇ. ಒಂದೂವರೆ ತಾಸಿನೊಳಗೆ ಮುಗಿಯುತ್ತದೆ. ಆ ಮಣ್ಣಿನ ಗೋಡೆ, ಕೆಲಸ ಹೇಳುತ್ತಲೇ ಇರುವ ತಾಯಿ, ಕಟ್ಟೆ ಮೇಲೆ ಕೂತ ಮುದುಕರು, ಇದನ್ನೆಲ್ಲ ನಮ್ಮ ಕಡೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಮೂರನೆಯದು ವಿಟ್ಟೋರಿಯೊ ಡಿ ಸಿಕಾನ 'ಬೈಸಿಕಲ್ ಥೀವ್ಸ್' (1948). ನಾಯಕನ ಪಾತ್ರ ಮಾಡಿದವನು ನಿಜವಾಗಿ ಕಾರ್ಖಾನೆಯ ಕೆಲಸಗಾರ. ಅದರ ಬೆನ್ನಿಗೇ ನಾಲ್ಕನೆಯದಾಗಿ ರಾಮ್ ರೆಡ್ಡಿಯವರ 'ತಿಥಿ' ಇಡಿ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದ ಈ ಚಿತ್ರದಲ್ಲಿ ನಟಿಸಿದವರು ಮಂಡ್ಯ ಕಡೆಯ ಹಳ್ಳಿಯ ಮಂದಿ. ನಟರಲ್ಲದವರು ಕ್ಯಾಮೆರಾ ಮುಂದೆ ನಿಂತಾಗ ಏನಾಗುತ್ತದೆ ಅನ್ನುವ ಮಾತು ಎರಡು ಭಾನುವಾರ ತನ್ನಿಂದ ತಾನೇ ನಡೆಯುತ್ತದೆ. ಮಂಡ್ಯದ ಮಾತು ನಮ್ಮ ಕಿವಿಗೆ ಬೇರೆಯೇ ಕೇಳಿಸುತ್ತದೆ ಅನ್ನುವುದೂ ಒಂದು ಸೊಗಸು.

ಐದನೆಯದು ಚೈತನ್ಯ ತಾಮ್ಹಣೆಯವರ 'ಕೋರ್ಟ್' (2014). ಮುಂಬೈನ ವಯಸ್ಸಾದ ಜಾನಪದ ಹಾಡುಗಾರನ ಮೇಲೆ ಹೂಡಿದ ಕೇಸಿನ ಕತೆ. ಮರಾಠಿ, ಹಿಂದಿ, ಗುಜರಾತಿ, ಇಂಗ್ಲಿಷ್ ನಾಲ್ಕೂ ಅದರಲ್ಲಿವೆ. ಬೆಳಗಾವಿಯ ವಕೀಲರನ್ನು ಕರೆಯಿರಿ. ಆ ದಿನದ ಚರ್ಚೆಯನ್ನು ನಿಲ್ಲಿಸುವುದೇ ಕಷ್ಟ ಆಗುತ್ತದೆ. ಕನ್ನಡದವರೂ ಮರಾಠಿಯವರೂ ಒಂದೇ ಸಾಲಿನಲ್ಲಿ ಕೂತು ಒಂದೇ ಚಿತ್ರದ ಬಗ್ಗೆ ವಾದ ಮಾಡುವುದು ನನ್ನ ಮಟ್ಟಿಗೆ ಈ ಊರಿನ ಚಿತ್ರ ಸಮಾಜದ ದೊಡ್ಡ ಕೆಲಸ.

ಆರನೆಯದು ಯಸುಜಿರೊ ಓಜುನ 'ಟೋಕಿಯೊ ಸ್ಟೋರಿ' (1953). ಮಕ್ಕಳನ್ನು ನೋಡಲು ಪಟ್ಟಣಕ್ಕೆ ಬಂದ ವಯಸ್ಸಾದ ತಂದೆ ತಾಯಿ. ಎರಡೂಕಾಲು ತಾಸಿನದು, ನಿಧಾನದ ಚಿತ್ರ. ಮೊದಲೇ ಇಟ್ಟರೆ ಮಂದಿ ಎದ್ದು ಹೋಗುತ್ತಾರೆ. ಐದು ಚಿತ್ರ ನೋಡಿ ಕಣ್ಣು ಪಳಗಿದ ಮೇಲೆ ಇಟ್ಟರೆ ಕೂರುತ್ತಾರೆ, ಅಳುತ್ತಾರೆ. ಆ ದಿನ ನಾಲ್ಕಕ್ಕೇ ಶುರು ಮಾಡಿ. ಏಳನೆಯದು ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977). ಅದರ ಪ್ರತಿಯನ್ನು ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.

ಕೊನೆಯ ಸಂಜೆ ಕಿರುಚಿತ್ರಗಳಿಗೆ. ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವೇರ್ ದ ಫಸ್ಟ್ ಒನ್ಸ್ ಟು ನೋ' 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಕೋಳಿ ಕದ್ದ ಅಜ್ಜಿಯ ಜನಪದ ಕತೆ. ಅದರ ಜೊತೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹುಡುಗ ಹುಡುಗಿಯರು ಮಾಡಿದ ಕಿರುಚಿತ್ರಗಳನ್ನೂ ತೋರಿಸಿ. ಅವರು ಚಿತ್ರ ಕಳಿಸಲು ಅಕ್ಟೋಬರ್‌ನಲ್ಲೇ ಕರೆ ಕೊಡಿ. ಏಳು ಚಿತ್ರ ನೋಡಿದ ಪ್ರೇಕ್ಷಕರ ಮುಂದೆ ತಮ್ಮ ಚಿತ್ರ ತೋರಿಸುವುದು ಅವರಿಗೂ ಬೇರೆಯೇ ಅನುಭವ.

ಈ ಪಟ್ಟಿಯನ್ನೇ ಇಟ್ಟುಕೊಳ್ಳಬೇಕು ಅಂತೇನಿಲ್ಲ. ಆದರೆ ಒಂದನ್ನು ಪಾಲಿಸಿ. ಆಯ್ಕೆ ಮಾಡುವವರಲ್ಲಿ ಕನಿಷ್ಠ ಇಬ್ಬರು ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನೋಡಿರಬೇಕು. ಎಷ್ಟು ವಯಸ್ಸಿನವರಿಗೆ ಸರಿ ಅನ್ನುವುದು ಆಗಲೇ ಗೊತ್ತಾಗುವುದು, ಮತ್ತು ಅದನ್ನು ಪೋಸ್ಟರ್ ಮೇಲೆ ಬರೆಯಲೇಬೇಕು.

ನಾಲ್ಕನೇ ಹೆಜ್ಜೆ: ಅನುಮತಿ

ಓಟಿಟಿಗೆ ಹಣ ಕಟ್ಟಿದ್ದೇವೆ, ಅದನ್ನೇ ಪ್ರೊಜೆಕ್ಟರ್‌ಗೆ ಜೋಡಿಸಿದರಾಯ್ತು ಅನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಅದು ತಪ್ಪು. ಆ ಚಂದಾ ಮನೆಮಂದಿ ನೋಡುವುದಕ್ಕೆ. ಡಿವಿಡಿ, ಬ್ಲೂ-ರೇ ಕೊಂಡರೂ ಅಷ್ಟೇ. ಸಾರ್ವಜನಿಕವಾಗಿ ತೋರಿಸುವ ಹಕ್ಕನ್ನು ಬೇರೆಯೇ ಕೇಳಿ ಪಡೆಯಬೇಕು.

ಹಳೆಯ ಚಿತ್ರಗಳ ವಿಷಯದಲ್ಲಿ ಸ್ವಲ್ಪ ಸಲೀಸು. 1957ರ ನಮ್ಮ ಕಾಪಿರೈಟ್ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ ಎಣಿಸಿ 60 ವರ್ಷ ಇರುತ್ತದೆ. ಹಾಗಾಗಿ 1924ರ ಮೂಕಿ ಚಿತ್ರಕ್ಕೆ ಆ ಹಕ್ಕು ಇಲ್ಲಿ ಮುಗಿದಿದೆ. ಆದರೆ ಮೂಲ ಕತೆಗೆ, ನಂತರ ಸೇರಿಸಿದ ಸಂಗೀತಕ್ಕೆ, ಹೊಸ ಸಬ್‌ಟೈಟಲ್‌ಗೆ ಬೇರೆ ಹಕ್ಕು ಇರಬಹುದು. ನಿಮ್ಮ ಕೈಯಲ್ಲಿರುವ ಪ್ರತಿ ಎಲ್ಲಿಂದ ಬಂತು ಅಂತ ನೋಡಿಕೊಳ್ಳಿ. ಹಾರ್ಮೋನಿಯಂ ನಿಮ್ಮದೇ ಆದರೆ ಸಂಗೀತದ ತಕರಾರಂತೂ ಇಲ್ಲ.

ಉಳಿದ ಚಿತ್ರಗಳಿಗೆ ಪತ್ರ ಬರೆಯಬೇಕು. ಚಿತ್ರದ ಕೊನೆಯಲ್ಲಿ ನಿರ್ಮಾಣ ಸಂಸ್ಥೆಯ ಹೆಸರು ಇರುತ್ತದೆ. ಚಿತ್ರೋತ್ಸವಗಳ ವೆಬ್‌ಸೈಟಿನಲ್ಲಿ ಮಾರಾಟದ ಹಕ್ಕು ಯಾರದು ಅಂತ ಬರೆದಿರುತ್ತಾರೆ. ಭಾರತದ ಸ್ವತಂತ್ರ ನಿರ್ದೇಶಕರಿಗೆ ನೇರವಾಗಿಯೇ ಬರೆಯಬಹುದು. ಎಷ್ಟೋ ಜನ ಕಡಿಮೆ ಹಣಕ್ಕೆ ಒಪ್ಪುತ್ತಾರೆ, ಕರೆದರೆ ಬಂದು ಮಾತಾಡುತ್ತಾರೆ. ಹಾಗಂತ ಪುಕ್ಕಟೆ ಕೇಳಬೇಡಿ. ಮೈಕ್‌ಸೆಟ್‌ನವರಿಗೆ ಕೊಡುವ ಹಣವನ್ನು ಚಿತ್ರ ಮಾಡಿದವರಿಗೆ ಕೊಡಲು ಹಿಂಜರಿಯುವುದು ಸರಿಯಲ್ಲ. ಜರ್ಮನ್ ಚಿತ್ರ ಬೇಕಿದ್ದರೆ ಬೆಂಗಳೂರು ಅಥವಾ ಪುಣೆಯ ಮ್ಯಾಕ್ಸ್ ಮ್ಯೂಲರ್ ಭವನ, ಫ್ರೆಂಚ್ ಚಿತ್ರಕ್ಕೆ ಅಲಿಯಾನ್ಸ್ ಫ್ರಾನ್ಸೇಸ್, ಜಪಾನಿ ಚಿತ್ರಕ್ಕೆ ದೆಹಲಿಯ ಜಪಾನ್ ಫೌಂಡೇಶನ್, ಇವರನ್ನು ಕೇಳಿ. ಲಾಭಕ್ಕಲ್ಲದ ಪ್ರದರ್ಶನಕ್ಕೆ ಚಿತ್ರ ಒದಗಿಸುವುದು ಇಂಥ ಸಂಸ್ಥೆಗಳ ಕೆಲಸದ ಭಾಗವೇ.

ಪತ್ರ ಹತ್ತು ಸಾಲು ಸಾಕು. ನೀವು ಯಾರು, ಯಾವ ಊರು, ಯಾವ ತಾರೀಖು, ಎಷ್ಟು ಸೀಟು, ಎಷ್ಟು ಪ್ರದರ್ಶನ, ಸದಸ್ಯರಿಂದ ಎಷ್ಟು ಹಣ ತೆಗೆದುಕೊಳ್ಳುತ್ತೀರಿ, ಯಾವ ರೀತಿಯ ಫೈಲ್ ಬೇಕು. ಅದರಲ್ಲೇ ಇನ್ನೊಂದು ಸಾಲು ಸೇರಿಸಿ: ಕನ್ನಡ ಸಬ್‌ಟೈಟಲ್ ಮಾಡಲು ಒಪ್ಪಿಗೆ, ಮತ್ತು ಅದಕ್ಕಾಗಿ ಚಿತ್ರದ ಮಾತುಗಳ ಬರಹದ ಪಟ್ಟಿ ಬೇಕು. ಇದನ್ನೆಲ್ಲ ಮೂರು ತಿಂಗಳು ಮೊದಲೇ ಕಳಿಸಿ.

ಇನ್ನು ಸೆನ್ಸಾರ್. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಪ್ರಮಾಣಪತ್ರ ಇಲ್ಲದ ಚಿತ್ರವನ್ನು ಸಾರ್ವಜನಿಕವಾಗಿ ತೋರಿಸುವ ಹಾಗಿಲ್ಲ. ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರದ್ದು. ವಿದೇಶಿ ಚಿತ್ರಗಳ ವಿಷಯದಲ್ಲಿ ಫೆಡರೇಶನ್ ಮೂಲಕವೇ ಹೆಜ್ಜೆ ಇಡಿ. ಪ್ರದರ್ಶನ ನಡೆಯುವ ಜಾಗಕ್ಕೂ ರಾಜ್ಯದ ನಿಯಮ ಇದೆ. ಸಭಾಭವನ ಗೊತ್ತು ಮಾಡುವಾಗಲೇ ಅಲ್ಲಿ ಚಿತ್ರ ತೋರಿಸಲು ಅನುಮತಿ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಇಲ್ಲದಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ.

ಐದನೇ ಹೆಜ್ಜೆ: ಕನ್ನಡ ಸಬ್‌ಟೈಟಲ್

ಎಲ್ಲಕ್ಕಿಂತ ಜಾಸ್ತಿ ದುಡಿಮೆ ಇಲ್ಲಿದೆ, ಎಲ್ಲಕ್ಕಿಂತ ಜಾಸ್ತಿ ಪ್ರತಿಫಲವೂ ಇಲ್ಲೇ ಇದೆ.

ಸಬ್‌ಟೈಟಲ್ ಫೈಲ್ ಅಂದರೆ ಸಾದಾ ಬರಹದ ಫೈಲ್. ಒಂದು ಸಂಖ್ಯೆ, ಶುರುವಾಗುವ ಸಮಯ, ಮುಗಿಯುವ ಸಮಯ, ಅದರ ಕೆಳಗೆ ಮಾತು. ಎಸ್‌ಆರ್‌ಟಿ ಅನ್ನುವುದು ಇದರ ಸಾಮಾನ್ಯ ರೂಪ. ಸಬ್‌ಟೈಟಲ್ ಎಡಿಟ್ ಅನ್ನುವ ಉಚಿತ ತಂತ್ರಾಂಶದಲ್ಲಿ ಇಂಗ್ಲಿಷ್ ಫೈಲ್ ತೆರೆದು, ಸಮಯವನ್ನು ಹಾಗೇ ಇಟ್ಟು, ಮಾತನ್ನು ಮಾತ್ರ ಕನ್ನಡಕ್ಕೆ ತರಬಹುದು. ಉಳಿಸುವಾಗ ಕನ್ನಡ ಅಕ್ಷರಗಳನ್ನು ಹಿಡಿದಿಡುವ ಯುಟಿಎಫ್-8 ಅನ್ನುವ ರೂಪ ಆರಿಸಿ. ಇಲ್ಲದಿದ್ದರೆ ಪರದೆ ಮೇಲೆ ಅಕ್ಷರದ ಬದಲು ಪ್ರಶ್ನೆ ಚಿಹ್ನೆಗಳು ಬರಬಹುದು.

ಮಾತು ಜಾಸ್ತಿ ಇರುವ ಚಿತ್ರದಲ್ಲಿ ಸಾವಿರಕ್ಕೂ ಹೆಚ್ಚು ತುಣುಕುಗಳಿರುತ್ತವೆ. ಕನ್ನಡ ವಿಭಾಗದ ನಾಲ್ಕು ವಿದ್ಯಾರ್ಥಿಗಳು ಹಂಚಿಕೊಂಡು ಮಾಡಲಿ. ಕೊನೆಗೆ ಒಬ್ಬರೇ ಕೂತು ಪೂರ್ತಿ ತಿದ್ದಬೇಕು. ಇಲ್ಲದಿದ್ದರೆ ಒಂದೇ ಹುಡುಗನ ಹೆಸರು ಮೂರು ಬಗೆಯಲ್ಲಿ ಬರುತ್ತದೆ. ಮೊದಲರ್ಧದಲ್ಲಿ ಅಪ್ಪನಿಗೆ 'ನೀವು' ಅಂದ ಮಗ ದ್ವಿತೀಯಾರ್ಧದಲ್ಲಿ 'ನೀನು' ಅನ್ನುತ್ತಾನೆ. ಇಂಗ್ಲಿಷ್ ಸಾಲು ನೋಡಿ ಇದು ಗೊತ್ತಾಗುವುದಿಲ್ಲ, ಚಿತ್ರವನ್ನೇ ನೋಡಬೇಕು. ಯಾರು ಯಾರಿಗೆ ಏನಾಗಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರೆ ಒಳ್ಳೆಯದು.

ನಮ್ಮ ಪದಗಳು ಉದ್ದ. ಇಂಗ್ಲಿಷ್‌ನ ಒಂದು ಸಾಲು ಕನ್ನಡದಲ್ಲಿ ಸಲೀಸಾಗಿ ಒಂದೂವರೆ ಆಗುತ್ತದೆ. ಓದುವವರಿಗೆ ಸಿಗುವುದು ಎರಡು ಮೂರು ಸೆಕೆಂಡ್. ಹಾಗಾಗಿ ಕತ್ತರಿಸಲು ಕಲಿಯಬೇಕು. ತಾಯಿ ಬಾಗಿಲು ತೋರಿಸುತ್ತಾ ಹೇಳಿದರೆ "ಹೋಗು" ಸಾಕು, "ನೀನು ಈಗ ಇಲ್ಲಿಂದ ಹೊರಗೆ ಹೋಗು" ಬೇಡ. ಕೈ ಹೇಳಿದ್ದನ್ನು ಅಕ್ಷರ ಮತ್ತೆ ಹೇಳಬೇಕಾಗಿಲ್ಲ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡವೇ ಬೇಡ, ಆದಷ್ಟೂ ಒಂದೇ ಸಾಲು ಇರಲಿ. ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಯಾವ ಸಾಲೂ ಬೇಡ.

ಭಾಷೆ ಯಾವುದು? ಇರಾನಿನ ಅಜ್ಜನ ಬಾಯಲ್ಲಿ ಅಪ್ಪಟ ಬೆಳಗಾವಿ ಮಾತು ಹಾಕಿದರೆ ಮಂದಿ ನಗುತ್ತಾರೆ, ಚಿತ್ರ ಕೈ ತಪ್ಪುತ್ತದೆ. ಪುಸ್ತಕದ ಕನ್ನಡ ಹಾಕಿದರೆ ಅಜ್ಜ ಭಾಷಣಕಾರನಾಗುತ್ತಾನೆ. ನಡುವಿನ ಸರಳ ಕನ್ನಡ ಸಾಕು. 'ಅವ್ವ', 'ತಾಸು', 'ಓಣಿ' ತರಹದ ನಮ್ಮ ಪದಗಳು ಸಹಜವಾಗಿ ಬಂದಲ್ಲಿ ಬರಲಿ.

ಒತ್ತಕ್ಷರಗಳಿಂದಾಗಿ ಕನ್ನಡದ ಸಾಲು ಕೆಳಗೆ ಇಳಿಯುತ್ತದೆ. ಎರಡು ಸಾಲು ಇದ್ದಾಗ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಸಾಲಿನ ನಡುವಿನ ಜಾಗ ಹೆಚ್ಚಿಸಿ. ನೋಟೋ ಸಾನ್ಸ್ ಕನ್ನಡದಂಥ ಸ್ಪಷ್ಟ ಫಾಂಟ್ ಹಾಕಿ. 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮಿ' ಈ ಮೂರನ್ನು ಮೊದಲು ಪರದೆ ಮೇಲೆ ತಂದು ನೋಡಿ. ಮೂರೂ ಸರಿಯಾಗಿ ಮೂಡಿದರೆ ಉಳಿದದ್ದೂ ಮೂಡುತ್ತದೆ. ಅಕ್ಷರ ಬಿಳಿ, ಸುತ್ತ ಕಪ್ಪು ಅಂಚು. ಕಪ್ಪು ಬಿಳುಪು ಚಿತ್ರಕ್ಕೆ ತಿಳಿ ಹಳದಿ ಇನ್ನೂ ಚೆನ್ನ.

ಕೊನೆಗೆ, ಇಂಗ್ಲಿಷ್ ಓದದ ಇಬ್ಬರನ್ನು ಕೂಡಿಸಿ ಪೂರ್ತಿ ಚಿತ್ರ ತೋರಿಸಿ. ಅವರು ಪಕ್ಕದವರನ್ನು "ಏನಂದ್ರೀ ಈಗ?" ಅಂತ ಕೇಳಿದ ಪ್ರತಿ ಜಾಗವನ್ನೂ ಗುರುತು ಹಾಕಿಕೊಳ್ಳಿ. ಅಲ್ಲೆಲ್ಲ ಸಾಲು ಇನ್ನೂ ಚಿಕ್ಕದಾಗಬೇಕು.

ಆರನೇ ಹೆಜ್ಜೆ: ಜಾಗ, ಬೆಳಕು, ಸದ್ದು

ಕುಮಾರ ಗಂಧರ್ವ ರಂಗಮಂದಿರ ದೊಡ್ಡದು, ಮೊದಲ ವರ್ಷಕ್ಕೆ ಅಷ್ಟು ಬೇಕಾಗಿಲ್ಲ. ನೂರು ಮಂದಿ ಹಿಡಿಸುವ ಕಾಲೇಜು ಸಭಾಭವನ ಸಾಕು. ತುಂಬಿದ ಚಿಕ್ಕ ಕೋಣೆಯಲ್ಲಿ ನಗು ಹರಡುತ್ತದೆ, ಖಾಲಿ ದೊಡ್ಡ ಹಾಲ್‌ನಲ್ಲಿ ಹರಡುವುದಿಲ್ಲ.

ಪರದೆ ಹನ್ನೆರಡು ಅಡಿ ಅಗಲ ಇರಲಿ. ಕೊನೆಯ ಸಾಲು ಅದರ ಮೂರು ಪಟ್ಟಿಗಿಂತ ದೂರ ಬೇಡ. ಕುರ್ಚಿಯಲ್ಲಿ ಕೂತವರ ತಲೆ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರಕ್ಕೆ ಬರುತ್ತದೆ. ಸಬ್‌ಟೈಟಲ್ ಇರುವುದೇ ಪರದೆಯ ಕೆಳಭಾಗದಲ್ಲಿ. ಹಾಗಾಗಿ ಪರದೆಯ ಕೆಳ ಅಂಚು ಕನಿಷ್ಠ ನಾಲ್ಕೂವರೆ ಅಡಿ ಎತ್ತರದಲ್ಲಿರಬೇಕು. ಹಿಂದಿನ ಸಾಲಿನಲ್ಲಿ ನೀವೇ ಕೂತು, ಮುಂದೆ ಎತ್ತರದ ಒಬ್ಬರನ್ನು ಕೂಡಿಸಿ ನೋಡಿ. ಮುಂದಿನ ಮೂರು ಸಾಲಿಗೆ ಕುರ್ಚಿ ತೆಗೆದು ಜಮಖಾನ ಹಾಸಿದರೆ ಮಕ್ಕಳಿಗೆ ಜಾಗವೂ ಆಯಿತು, ಹಿಂದಿನವರಿಗೆ ನೋಟವೂ ಸಿಕ್ಕಿತು. ಬರಿಗೋಡೆಯ ಹಾಲ್‌ನಲ್ಲಿ ಸದ್ದು ಮಾರ್ದನಿಸುವುದೂ ಜಮಖಾನದಿಂದ ಸ್ವಲ್ಪ ತಗ್ಗುತ್ತದೆ.

ಪ್ರೊಜೆಕ್ಟರಿನ ಬೆಳಕು 4000 ಆನ್ಸಿ ಲ್ಯೂಮೆನ್ಸ್ (ಬೆಳಕಿನ ಅಳತೆ) ಆದರೂ ಇರಲಿ. ಬಾಡಿಗೆಯವರನ್ನು ಕೇಳುವಾಗ 'ಆನ್ಸಿ' ಅನ್ನುವುದನ್ನು ಒತ್ತಿ ಕೇಳಿ, ಡಬ್ಬಿ ಮೇಲಿನ ಬೇರೆ ಅಂಕಿಗಳನ್ನು ನಂಬಬೇಡಿ. ಎಲ್ಲಿಡಬೇಕು ಅನ್ನುವ ಲೆಕ್ಕ ಸುಲಭ. ಅದರ ಥ್ರೋ ರೇಶಿಯೋ, ಅಂದರೆ ಚಿತ್ರದ ಅಗಲಕ್ಕೆ ಎಷ್ಟು ಪಟ್ಟು ದೂರ ಬೇಕು ಅನ್ನುವ ಅಂಕಿ, 1.5 ಇದ್ದರೆ, ಹನ್ನೆರಡು ಅಡಿ ಚಿತ್ರಕ್ಕೆ ಹದಿನೆಂಟು ಅಡಿ ದೂರ. ಬಣ್ಣ ಸಿನಿಮಾ ಮೋಡ್‌ನಲ್ಲಿರಲಿ. ಹಳೆಯ ಚಿತ್ರಗಳು ಹೆಚ್ಚು ಕಡಿಮೆ ಚೌಕ. ಪರದೆ ತುಂಬಲಿ ಅಂತ ಅವನ್ನು ಎಳೆದರೆ ಎಲ್ಲರೂ ದಪ್ಪಗಾಗುತ್ತಾರೆ. ಪಕ್ಕದಲ್ಲಿ ಕಪ್ಪು ಜಾಗ ಉಳಿದರೆ ಉಳಿಯಲಿ. ಕಿಟಕಿಗಳಿಗೆ ದಪ್ಪ ಕಪ್ಪು ಬಟ್ಟೆ ಬೇಕೇ ಬೇಕು, ನಾಲ್ಕೂವರೆಗೆ ಬಿಸಿಲು ಇನ್ನೂ ಇರುತ್ತದೆ.

ಮೈಕ್‌ಸೆಟ್‌ನವರು ಮದುವೆ, ಜಾತ್ರೆಗೆ ಒಗ್ಗಿದವರು. ಎಕೋ ಪೂರ್ತಿ ತೆಗೆಸಿ, ಬೇಸ್ ತಗ್ಗಿಸಿ. ಸ್ಪೀಕರ್ ಎರಡೂ ಪರದೆಯ ಪಕ್ಕದಲ್ಲೇ, ಕೂತವರ ಕಿವಿಗಿಂತ ತುಸು ಮೇಲೆ ಇರಲಿ.

ಹೆಸ್ಕಾಂ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಎರಡಕ್ಕೂ ಯುಪಿಎಸ್ ಇರಲಿ. ಬಲ್ಬಿನ ಪ್ರೊಜೆಕ್ಟರ್ ಥಟ್ಟನೆ ನಿಂತರೆ ಫ್ಯಾನ್ ಕೂಡ ನಿಲ್ಲುತ್ತದೆ, ಬಿಸಿಗೆ ಬಲ್ಬ್ ಹಾಳಾಗುತ್ತದೆ. ಶಾಮಿಯಾನದವರ ಹತ್ತಿರ ಜನರೇಟರ್ ಮೊದಲೇ ಹೇಳಿಟ್ಟಿರಿ.

ಪ್ರದರ್ಶನದ ಹಿಂದಿನ ದಿನ ಅದೇ ಲ್ಯಾಪ್‌ಟಾಪ್, ಅದೇ ಕೇಬಲ್, ಅದೇ ಪ್ರೊಜೆಕ್ಟರ್‌ನಲ್ಲಿ ಚಿತ್ರವನ್ನು ಕೊನೆಯವರೆಗೆ ಓಡಿಸಿ. ಮೊದಲ ಹತ್ತು ನಿಮಿಷ ನೋಡಿ ಬಿಡಬೇಡಿ, ಸಬ್‌ಟೈಟಲ್ ಸರಿಯುವುದು ಸಾಮಾನ್ಯವಾಗಿ ಆಮೇಲೆ. ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್‌ನಲ್ಲಿ ಜಿ ಮತ್ತು ಎಚ್ ಕೀಲಿಗಳಿಂದ ಅದನ್ನು ಹಿಂದೆ ಮುಂದೆ ಮಾಡಬಹುದು. ಫೈಲಿನ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ.

ಏಳನೇ ಹೆಜ್ಜೆ: ಸದಸ್ಯರು, ಹಣ

ಟಿಕೆಟ್ ಮಾರಬೇಡಿ, ಇಡೀ ಚಿತ್ರಮಾಲೆಗೆ ಸದಸ್ಯತ್ವ ಕೊಡಿ. ಲೆಕ್ಕ ಹೀಗೆ ಹಾಕಿ ನೋಡಿ: ನೂರು ಮಂದಿ ತಲಾ 600 ಕೊಟ್ಟರೆ 60,000. ಎಂಟು ಸಂಜೆಗೆ ಹಂಚಿದರೆ ತಲಾ 7,500. ಅದರಲ್ಲಿ ಹಾಲ್, ಪ್ರೊಜೆಕ್ಟರ್, ಸೌಂಡ್, ಚಿತ್ರದ ಹಣ ಬರಬೇಕು. ನಿಮ್ಮ ಊರಿನ ಬಾಡಿಗೆ ಕೇಳಿ ಈ ಅಂಕಿಗಳನ್ನು ಬದಲಿಸಿಕೊಳ್ಳಿ. ವಿದ್ಯಾರ್ಥಿಗಳಿಗೆ ಅರ್ಧ. ಕೊರತೆ ಬಿದ್ದರೆ ಅಂಗಡಿಯವರನ್ನು ಒಂದೊಂದು ಸಂಜೆಗೆ ಕೇಳಬಹುದು, ಆದರೆ ಚಿತ್ರದ ನಡುವೆ ಜಾಹೀರಾತು ಮಾತ್ರ ಬೇಡ.

ಪೋಸ್ಟರ್ ಕನ್ನಡ ಮತ್ತು ಮರಾಠಿ ಎರಡರಲ್ಲೂ ಇರಲಿ. ಕಾಲೇಜು, ಗ್ರಂಥಾಲಯ, ಆರ್‌ಪಿಡಿ ಕ್ರಾಸ್‌ನ ಚಹಾದಂಗಡಿ, ಇಲ್ಲೆಲ್ಲ ಹಚ್ಚಿ. 'ಕನ್ನಡ ಸಬ್‌ಟೈಟಲ್ ಇದೆ' ಅನ್ನುವುದನ್ನು ಚಿತ್ರದ ಹೆಸರಿನಷ್ಟೇ ದೊಡ್ಡದಾಗಿ ಬರೆಯಿರಿ.

ಎಂಟನೇ ಹೆಜ್ಜೆ: ಆ ಸಂಜೆ

ಹಾರ ತುರಾಯಿ, ವೇದಿಕೆ ಮೇಲೆ ಆರು ಕುರ್ಚಿ, ಸ್ವಾಗತ ಭಾಷಣ ಯಾವುದೂ ಬೇಡ. ಒಬ್ಬರು ನಿಂತು ಮೂರು ನಿಮಿಷ ಮಾತಾಡಲಿ. ಎಲ್ಲಿಯ ಚಿತ್ರ, ಯಾವ ಕಾಲ, ಏನನ್ನು ಗಮನಿಸಬಹುದು, ಇಷ್ಟೇ. ಕತೆ ಹೇಳಬೇಡಿ. ಮುಗಿದ ಕೂಡಲೇ ದೀಪ ಹಾಕಬೇಡಿ, ಹೆಸರುಗಳು ಓಡಿ ಮುಗಿಯಲಿ. ಆಮೇಲೆ ಚಹಾ. ಕೈಯಲ್ಲಿ ಕಪ್ ಇದ್ದಾಗ ಮಂದಿ ತಾವಾಗಿಯೇ ಮಾತಿಗೆ ಇಳಿಯುತ್ತಾರೆ. ಹತ್ತು ನಿಮಿಷ ಬಿಟ್ಟು ಎಲ್ಲರನ್ನೂ ಮತ್ತೆ ಒಳಗೆ ಕರೆಯಿರಿ.

ಚರ್ಚೆ ನಡೆಸುವವರು "ಚಿತ್ರ ಹೇಗಿತ್ತು?" ಅಂತ ಕೇಳಬಾರದು. "ಚೆನ್ನಾಗಿತ್ತು" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಒಂದು ದೃಶ್ಯ ಹಿಡಿದು ಕೇಳಬೇಕು. ಇರಾನಿ ಚಿತ್ರವನ್ನೇ ತೆಗೆದುಕೊಳ್ಳಿ. ಅವಸರದಲ್ಲಿರುವ ಹುಡುಗನನ್ನು ಅಜ್ಜ ತಡೆದು ಸಿಗರೇಟ್ ತರಲು ಕಳಿಸುತ್ತಾನೆ. ಪಕ್ಕದವರು ನನ್ನದೇ ತಗೋ ಅಂದರೆ, ನನ್ನ ಹತ್ತಿರ ಇದೆ, ಹುಡುಗ ಹೇಳಿದ ಮಾತು ಕೇಳುವುದನ್ನು ಕಲಿಯಲಿ ಅಂತ ಕಳಿಸಿದೆ ಅನ್ನುತ್ತಾನೆ. "ಆ ಅಜ್ಜ ಮಾಡಿದ್ದು ಸರಿ ಏನ್ರೀ?" ಅಂತ ಕೇಳಿ ನೋಡಿ. ಹಿರಿಯರು ಒಂದು ಕಡೆ, ಹುಡುಗರು ಒಂದು ಕಡೆ ಆಗುತ್ತಾರೆ. ಅಲ್ಲಿಂದ ಮುಂದೆ ನೀವು ಮಾತಾಡಬೇಕಾಗಿಲ್ಲ.

"ಇದಕ್ಕ ಅರ್ಥ ಏನ್ರೀ ಸರ?" ಅಂತ ಒಬ್ಬರಾದರೂ ಕೇಳುತ್ತಾರೆ. ಉತ್ತರ ಕೊಡಲು ಹೋಗಬೇಡಿ, ಆ ಪ್ರಶ್ನೆಯನ್ನು ಸಭೆಗೇ ಕೊಡಿ. ಒಬ್ಬರೇ ಮೈಕ್ ಹಿಡಿದು ಕೂರದ ಹಾಗೆ ನೋಡಿಕೊಳ್ಳಿ. ಹಿಂದಿನ ಸಾಲಿನ ಹೆಣ್ಣುಮಕ್ಕಳ ಹತ್ತಿರ ಮೈಕ್ ನೀವೇ ಒಯ್ಯಿರಿ. ಮರಾಠಿಯಲ್ಲಿ ಮಾತಾಡಿದರೆ ಯಾರಾದರೂ ಎರಡು ಸಾಲಲ್ಲಿ ಕನ್ನಡಕ್ಕೆ ಹೇಳಲಿ, ಕನ್ನಡದ್ದನ್ನು ಮರಾಠಿಗೆ ಹೇಳಲಿ. ಎಂಟಕ್ಕೆ ನಿಲ್ಲಿಸಿ.

ಕೊನೆಯ ಪ್ರದರ್ಶನ ಆದ ಮೇಲೆ

ಒಪ್ಪಂದದಂತೆ ಫೈಲ್‌ಗಳನ್ನು ಅಳಿಸಿ, ಹಾರ್ಡ್‌ಡಿಸ್ಕ್ ವಾಪಸ್ ಕಳಿಸಿ. ಲೆಕ್ಕವನ್ನು ಎಲ್ಲ ಸದಸ್ಯರಿಗೂ ಕಳಿಸಿ. ನೀವು ಮಾಡಿದ ಕನ್ನಡ ಸಬ್‌ಟೈಟಲ್‌ಗಳನ್ನು ಹಕ್ಕುದಾರರಿಗೇ ಕೊಡಿ. ಮುಂದೆ ಧಾರವಾಡದಲ್ಲೋ ವಿಜಯಪುರದಲ್ಲೋ ಬೇರೆ ಸಮಾಜ ಅದೇ ಚಿತ್ರ ಕೇಳಿದಾಗ ಅವರಿಗೆ ಸಿಗುತ್ತದೆ. ಜೊತೆಗೆ ಒಂದು ಪತ್ರ ಬರೆಯಿರಿ. ಎಷ್ಟು ಮಂದಿ ಬಂದಿದ್ದರು, ಯಾವ ದೃಶ್ಯಕ್ಕೆ ನಕ್ಕರು, ಚರ್ಚೆಯಲ್ಲಿ ಯಾರು ಏನು ಹೇಳಿದರು ಅಂತ. ಸ್ವತಂತ್ರ ನಿರ್ದೇಶಕರಿಗೆ ಇಂಥ ಪತ್ರ ತೀರಾ ಅಪರೂಪಕ್ಕೆ ಬರುತ್ತದೆ. ಅವರ ಮುಂದಿನ ಚಿತ್ರಕ್ಕೆ ನೀವು ಮತ್ತೆ ಬರೆದಾಗ ಬೆಳಗಾವಿ ಯಾವ ಊರು ಅಂತ ಅವರು ಕೇಳುವುದಿಲ್ಲ.